ನೆಲ ಉಜ್ಜುವ ಮೆಷಿನ್ ಮುಟ್ಟಿದರೆ ಜುಮ್ ಅನ್ನುತ್ತದೆ, ಏನು ಮಾಡಬೇಕು?

ಶಿರಿಯ ದಡ:

ಎಲ್ಲರಿಗೂ ನಮಸ್ಕಾರ. ನಾನು ಕುಂಬಳೆ ಹತ್ತಿರದ ಒಂದು ಸಭಾಭವನದಲ್ಲಿ ಕ್ಲೀನಿಂಗ್ ಕೆಲಸ ನೋಡಿಕೊಳ್ಳುತ್ತೇನೆ. ನಾವು 6 ಜನ ಹೆಂಗಸರು, ಎಲ್ಲರೂ ಕುಟುಂಬಶ್ರೀಯವರು, ಅಂದರೆ ಕೇರಳದ ಮಹಿಳಾ ಸ್ವಸಹಾಯ ಸಂಘದವರು. ಮದುವೆ, ಗೃಹಪ್ರವೇಶದ ಊಟ, ಯಕ್ಷಗಾನ, ಏನೇ ಇದ್ದರೂ ಮುಗಿದ ಮೇಲೆ ಹಾಲ್ ನಮ್ಮ ಕೈಗೆ ಬರುತ್ತದೆ. ಇಷ್ಟು ದಿನ ಹಿಡಿಸೂಡಿ, ಮಾಪ್, ಬಕೆಟ್ ಇಷ್ಟೇ ನಮ್ಮ ಸಾಮಾನು. 500 ಎಲೆ ಹಾಕಿದ ದಿನ ಊಟದ ಹಾಲ್ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಪಾಯಸ ಚೆಲ್ಲಿದ ಜಾಗ ಒಣಗಿದರೆ ಚಪ್ಪಲಿ ಎಳೆದು ಹಿಡಿಯುತ್ತದೆ. ಸೊಂಟ ಬಗ್ಗಿಸಿ ಉಜ್ಜಿ ಉಜ್ಜಿ ನಮ್ಮಲ್ಲಿ ಇಬ್ಬರಿಗೆ ಬೆನ್ನು ನೋವು ಖಾಯಂ ಆಗಿದೆ.

ಕಳೆದ ತಿಂಗಳು ಹಾಲ್‌ನವರು ಎರಡು ಮೆಷಿನ್ ತಂದುಕೊಟ್ಟರು, ಎರಡೂ ಸೆಕೆಂಡ್ ಹ್ಯಾಂಡ್. ಒಂದು ಕೆಳಗೆ ದುಂಡಗೆ ತಿರುಗುವ ಬ್ರಶ್ ಇರುವ ನೆಲ ಉಜ್ಜುವ ಮೆಷಿನ್. ಇನ್ನೊಂದು ನೀರು ಎಳೆಯುವ ವ್ಯಾಕ್ಯೂಮ್. ಕೊಟ್ಟವರು ಬಂದು ಹತ್ತು ನಿಮಿಷ ಓಡಿಸಿ ತೋರಿಸಿ ಹೋದರು. ಜೊತೆಗೆ ಒಂದು ಹಾಳೆ ಇದೆ, ಅದು ಮಲಯಾಳದಲ್ಲಿದೆ. ಮೆಷಿನ್ ಮೇಲಿನ ಸ್ಟಿಕ್ಕರ್ ಇಂಗ್ಲಿಷಿನಲ್ಲಿದೆ. ನಮಗೆಲ್ಲ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದು ಕನ್ನಡ ಮಾತ್ರ.

ಮೊದಲ ದಿನ ನಾನು ಹಿಡಿದೆ. ಸ್ವಿಚ್ ಒತ್ತಿದ ಕೂಡಲೇ ಮೆಷಿನ್ ಎಡಕ್ಕೆ ಹಾರಿ ನನ್ನನ್ನೂ ಎಳೆದುಕೊಂಡು ಹೋಗಿ ಸ್ಟೇಜಿನ ಮೆಟ್ಟಿಲಿಗೆ ಬಡಿಯಿತು. ಮೈಯೆಲ್ಲ ನಡುಗುವ ಹಾಗೆ ಅದುರುತ್ತಿತ್ತು. ಎರಡನೇ ದಿನ ನಮ್ಮಲ್ಲಿ ಹಿರಿಯರು ಒಬ್ಬರು ಹಿಡಿದರು, ಅವರಿಗೆ 58 ವರ್ಷ. ಬರಿಗಾಲು, ಒದ್ದೆ ನೆಲ. ಹ್ಯಾಂಡಲ್ ಹತ್ತಿರದ ಕಬ್ಬಿಣದ ಪೈಪ್ ಮುಟ್ಟಿದಾಗ ಕೈ ಜುಮ್ ಅಂದಿತಂತೆ. ಜೋರೇನಲ್ಲ, ಇರುವೆ ಹರಿದ ಹಾಗೆ ಅಂದರು. ಚಪ್ಪಲಿ ಹಾಕಿ ಮುಟ್ಟಿದರೆ ಏನೂ ಆಗಲಿಲ್ಲ. ಹಾಗಾಗಿ ಎಲ್ಲರೂ ಚಪ್ಪಲಿ ಹಾಕಿಕೊಂಡು ಓಡಿಸಿ ಅಂತ ಹಾಲ್‌ನಿಂದ ಹೇಳುತ್ತಿದ್ದಾರೆ.

ನನಗೆ ಧೈರ್ಯ ಬರುತ್ತಿಲ್ಲ. ಮೆಷಿನ್ ವಾಪಸ್ ಕಳಿಸೋಣ ಅಂದರೆ ಮತ್ತೆ ಬೆನ್ನು ಬಗ್ಗಿಸಬೇಕು. ಗೊತ್ತಿರುವವರು ದಯವಿಟ್ಟು ಕನ್ನಡದಲ್ಲಿ ಬಿಡಿಸಿ ಹೇಳಿ. ಪ್ರಿಂಟ್ ತೆಗೆದು ಸ್ಟೋರ್ ರೂಮಿನ ಗೋಡೆಗೆ ಅಂಟಿಸುತ್ತೇನೆ.


ಮಂಜೇಶ್ವರ ವಯರ್‌ಮ್ಯಾನ್:

ಅಕ್ಕ, ಮೊದಲ ಮಾತು. ಪ್ಲಗ್ ತೆಗೆದು ಇಡಿ. ಚಪ್ಪಲಿ ಹಾಕಿಕೊಂಡೂ ಮುಟ್ಟಬೇಡಿ. ಜುಮ್ ಅಂದದ್ದು ಸಣ್ಣ ವಿಷಯ ಅಲ್ಲವೇ ಅಲ್ಲ. ಆ ಹಿರಿಯರಿಗೆ ಏನೂ ಆಗಲಿಲ್ಲ, ಅದು ಪುಣ್ಯ.

ಯಾಕೆ ಹೀಗಾಗುತ್ತದೆ ಹೇಳುತ್ತೇನೆ. ಹಳೆಯ ಮೋಟರಿನಿಂದ ಸ್ವಲ್ಪ ಕರೆಂಟು ಮೆಷಿನ್ನಿನ ಕಬ್ಬಿಣದ ಮೈಗೆ ಸೋರುತ್ತದೆ. ಅರ್ಥಿಂಗ್ ಸರಿ ಇದ್ದರೆ ಅದು ಅರ್ಥ್ ವಯರ್ ಹಿಡಿದು ನೆಲಕ್ಕೆ ಹೋಗುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಅರ್ಥ್ ಕಡಿದು ಹೋಗಿದ್ದರೆ ಬೇರೆ ದಾರಿಗಾಗಿ ಕಾಯುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ಮನುಷ್ಯನೇ ಆ ದಾರಿ. ಸುಮಾರು 10 ಮಿಲಿಆಂಪ್ ದಾಟಿದರೆ ಕೈಯ ಸ್ನಾಯು ಬಿಗಿದುಕೊಳ್ಳುತ್ತದೆ, ಹಿಡಿದದ್ದನ್ನು ಬಿಡಲು ಆಗುವುದಿಲ್ಲ. 10 ಮಿಲಿಆಂಪ್ ಅಂದರೆ ಎಷ್ಟು ಕಡಿಮೆ ನೋಡಿ: ಹಳೆಯ ಕಾಲದ 60 ವಾಟಿನ ಬಲ್ಬು 260 ಮಿಲಿಆಂಪ್ ಎಳೆಯುತ್ತದೆ.

ಬೋರ್ಡಿನಲ್ಲಿ ಎಂಸಿಬಿ ಇದೆ, ಅಂದರೆ ಕರೆಂಟು ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್, ಅದು ಬಿದ್ದು ಹೋಗುತ್ತದೆ ಅಂತ ಹೆಚ್ಚಿನವರು ನಂಬಿದ್ದಾರೆ. 16 ಆಂಪಿನ ಎಂಸಿಬಿ ಬೀಳಬೇಕಾದರೆ 16 ಸಾವಿರ ಮಿಲಿಆಂಪಿಗಿಂತ ಜಾಸ್ತಿ ಹರಿಯಬೇಕು. ಅದು ಇರುವುದು ವಯರ್ ಸುಡದ ಹಾಗೆ ನೋಡಲು. ಮನುಷ್ಯನನ್ನು ಉಳಿಸುವುದು ಕರೆಂಟು ಸೋರಿದ ಕೂಡಲೇ ಆಫ್ ಆಗುವ ಆರ್‌ಸಿಸಿಬಿ, ಅದೂ 30 ಮಿಲಿಆಂಪಿನದ್ದು. ಅದರ ಮೇಲೆ ಟಿ ಅಂತ ಬರೆದ ಒಂದು ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಬೇಕು, ಒತ್ತಿದ ಕೂಡಲೇ ಬೀಳಬೇಕು. ಬೀಳದಿದ್ದರೆ ಅದು ಸತ್ತಿದೆ ಅಂತ ಲೆಕ್ಕ. ಆದರೆ ಆ ಗುಂಡಿ ಒತ್ತಿದರೆ ಅರ್ಥಿಂಗ್ ಸರಿ ಇದೆಯೋ ಅಂತ ಗೊತ್ತಾಗುವುದಿಲ್ಲ. ಅದನ್ನು ಬೇರೆಯೇ ನೋಡಬೇಕು.

ನಿಮ್ಮ ಊರಿನ ಲೈಸೆನ್ಸ್ ಇರುವ ವಯರ್‌ಮ್ಯಾನ್ ಕರೆಸಿ, ಮೂರು ಕೆಲಸ ಹೇಳಿ. ಪ್ಲಗ್ ಬಿಚ್ಚಿ ಒಳಗೆ ಹಸಿರು ವಯರ್, ಅಥವಾ ಹಸಿರು ಹಳದಿ ಗೆರೆಯ ವಯರ್, ದಪ್ಪ ಪಿನ್ನಿಗೆ ಕಟ್ಟಿದೆಯೋ ನೋಡಲಿ. ಆ ಪಿನ್ನಿನಿಂದ ಮೆಷಿನ್ ಮೈಗೆ ಮೀಟರ್ ಹಿಡಿದರೆ 1 ಓಮಿಗಿಂತ ಕಡಿಮೆ ತೋರಿಸಬೇಕು. ಮತ್ತೆ ಕರೆಂಟು ಸೋರುತ್ತದೆಯೋ ಅಂತ ಅಳೆಯುವ 500 ವೋಲ್ಟಿನ ಮೆಗ್ಗರ್ ಹಾಕಿ ಮೋಟರ್ ನೋಡಲಿ, 1 ಮೆಗಾಓಮಿಗಿಂತ ಕೆಳಗೆ ಬಂದರೆ ಆ ಮೋಟರ್ ಬಿಚ್ಚಿ ಒಣಗಿಸಬೇಕು ಅಥವಾ ಕಾಯಿಲ್ ಬದಲಿಸಬೇಕು. ಹಾಲ್‌ನ ಅರ್ಥ್ ವಯರ್ ನೆಲಕ್ಕೆ ಇಳಿಸಿದ ಗುಂಡಿಯನ್ನೂ ನೋಡಿಸಿ. ನಮ್ಮದು ಮುರಕಲ್ಲಿನ ನೆಲ. ಏಪ್ರಿಲ್, ಮೇ ತಿಂಗಳಲ್ಲಿ ಒಣಗಿ ಗಟ್ಟಿಯಾದಾಗ ಅರ್ಥಿಂಗ್ ಸೊರಗುತ್ತದೆ. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹೊಯ್ಯುವುದು ಸುಮ್ನೆ ಮಾಡುವ ಕೆಲಸ ಅಲ್ಲ.

ಒಂದು ಮಾತು ಎಲ್ಲರಿಗೂ ಗೊತ್ತಿರಲಿ. ಯಾರಾದರೂ ಕರೆಂಟಿಗೆ ಹಿಡಿದುಕೊಂಡರೆ ಅವರನ್ನು ಮುಟ್ಟಬೇಡಿ. ಓಡಿ ಹೋಗಿ ಮೇನ್ ಆಫ್ ಮಾಡಿ. ಮೇನ್ ಎಲ್ಲಿದೆ ಅಂತ ಆರು ಜನರಿಗೂ ಇವತ್ತೇ ತೋರಿಸಿ.


ಶಿರಿಯ ದಡ:

ಓದುವಾಗಲೇ ಕೈ ತಣ್ಣಗಾಯಿತು. ಪ್ಲಗ್ ತೆಗೆದು ಅದರ ಮೇಲೆ "ಮುಟ್ಟಬೇಡಿ" ಅಂತ ಚೀಟಿ ಕಟ್ಟಿದ್ದೇನೆ. ಮೇನ್ ಎಲ್ಲಿದೆ ಅಂತ ನನಗೂ ಗೊತ್ತಿರಲಿಲ್ಲ. ಅಡುಗೆ ಕೋಣೆಯ ಹಿಂದೆ, ಚಪ್ಪರದ ಬಿದಿರಿನ ರಾಶಿ ಹಿಂದೆ ಇತ್ತು. ಬಿದಿರು ಬೇರೆ ಕಡೆ ಹಾಕಿಸಿದೆ. ವಯರ್‌ಮ್ಯಾನ್ ಶನಿವಾರ ಬರುತ್ತಾರೆ.

ಅದು ಸರಿಯಾದ ಮೇಲೆ ಓಡಿಸುವುದು ಹೇಗೆ ಅಂತ ಯಾರಾದರೂ ಹೇಳುತ್ತೀರಾ? ಎಳೆದುಕೊಂಡು ಹೋಗುವ ಭಯ ಇನ್ನೂ ಹೋಗಿಲ್ಲ.


ಪೆರ್ಲದ ಗಲ್ಫ್ ಅಣ್ಣ:

ಅಕ್ಕ, ನಾನು 19 ವರ್ಷ ಶಾರ್ಜಾ, ದುಬೈಯಲ್ಲಿ ಇದೇ ಕೆಲಸ ಮಾಡಿದವನು. ಮೊದಲ 7 ವರ್ಷ ಮೆಷಿನ್ ಹಿಡಿದೆ, ಆಮೇಲೆ ಕಲಿಸುವ ಕೆಲಸ. ಈಗ ಊರಿಗೆ ಬಂದು ಅಡಿಕೆ ತೋಟ ನೋಡಿಕೊಂಡಿದ್ದೇನೆ. ನಿಮ್ಮ ಪ್ರಶ್ನೆ ನೋಡಿದಾಗ ನನ್ನ ಮೊದಲ ದಿನ ನೆನಪಾಯಿತು. ನನ್ನನ್ನೂ ಅದು ಒಂದು ಗಾಜಿನ ಬಾಗಿಲ ತನಕ ಎಳೆದುಕೊಂಡು ಹೋಗಿತ್ತು. ನನಗೆ ಕಲಿಸಿದವರು ಒಬ್ಬ ನೇಪಾಳಿ ಮೇಸ್ತ್ರಿ. ಅವರು ಹಿಂದಿಯಲ್ಲಿ ಹೇಳಿಕೊಟ್ಟದ್ದನ್ನು ನಾನು ನಿಮಗೆ ಕನ್ನಡದಲ್ಲಿ ಹೇಳುತ್ತೇನೆ. ವಯರ್‌ಮ್ಯಾನ್ ಸರಿ ಇದೆ ಅಂತ ಹೇಳಿದ ಮೇಲೆ ಮಾತ್ರ ಇದೆಲ್ಲ.

ಆ ಮೆಷಿನ್ನಿಗೆ ಹೆಚ್ಚಾಗಿ 17 ಇಂಚಿನ ಡಿಸ್ಕ್ ಇರುತ್ತದೆ. ನಿಮಿಷಕ್ಕೆ 150ರಿಂದ 180 ಸುತ್ತು. ಅದನ್ನು ತಳ್ಳಲು ಹೋಗಬಾರದು, ಎಳೆಯಲೂ ಹೋಗಬಾರದು. ಹೊಸಬರು ಮಾಡುವ ತಪ್ಪು ಇದೇ. ಅದು ಎಡಕ್ಕೆ ಹೋದಾಗ ಬಲಕ್ಕೆ ಜಗ್ಗುತ್ತಾರೆ, ಗಾಬರಿಯಲ್ಲಿ ಹ್ಯಾಂಡಲ್ ಮೇಲೆ ಮೈ ಭಾರ ಬಿಡುತ್ತಾರೆ. ಭಾರ ಬಿಟ್ಟರೆ ಇನ್ನೂ ಜೋರಾಗಿ ಎಡಕ್ಕೇ ಹೋಗುತ್ತದೆ.

ಗುಟ್ಟು ಹ್ಯಾಂಡಲಿನ ಎತ್ತರದಲ್ಲಿದೆ. ಹ್ಯಾಂಡಲ್ ಒಂದು ಬೆರಳು ಕೆಳಗೆ ಇಳಿಸಿದರೆ ಮೆಷಿನ್ ಎಡಕ್ಕೆ ಹೋಗುತ್ತದೆ. ಒಂದು ಬೆರಳು ಮೇಲೆ ಎತ್ತಿದರೆ ಬಲಕ್ಕೆ ಹೋಗುತ್ತದೆ. ನಡುವೆ ಒಂದು ಎತ್ತರ ಇದೆ, ಅಲ್ಲಿ ಅದು ನಿಂತಲ್ಲೇ ತಿರುಗುತ್ತದೆ. ಆ ಎತ್ತರ ಹೆಚ್ಚಾಗಿ ನಮ್ಮ ಸೊಂಟದ ಹತ್ತಿರ ಬರುತ್ತದೆ. ಎತ್ತರದವರಿಗೆ ಬೇರೆ, ಕುಳ್ಳಗಿರುವವರಿಗೆ ಬೇರೆ. ಅದಕ್ಕೇ ಹ್ಯಾಂಡಲ್ ಬುಡದಲ್ಲಿ ಮಡಚುವ ಲಾಕ್ ಇರುವುದು. ಆಳು ಬದಲಾದಾಗ ಅದನ್ನೂ ಬದಲಾಯಿಸಬೇಕು.

ಕಲಿಯುವ ದಿನ ಕುರ್ಚಿ, ಟೇಬಲ್ ಎಲ್ಲ ಗೋಡೆಗೆ ಒತ್ತಿ ಹಾಲ್ ಖಾಲಿ ಮಾಡಿ. ನೆಲಕ್ಕೆ ಸ್ವಲ್ಪ ನೀರು ಹಾಕಿ, ಒಣ ನೆಲದಲ್ಲಿ ಎಳೆತ ಜಾಸ್ತಿ. ಎರಡು ಕಾಲು ಸ್ವಲ್ಪ ಅಗಲಿಸಿ ನಿಲ್ಲಿ. ಮೊಣಕೈ ಮೈಗೆ ತಾಗಿರಲಿ. ಒಂದು ಹಾಲಿನ ಕ್ಯಾನ್ ಹಿಡಿದಷ್ಟೇ ಬಿಗಿ ಸಾಕು. ಸೊಂಟದ ಎತ್ತರಕ್ಕೆ ಹಿಡಿದು ಹ್ಯಾಂಡಲಿನಲ್ಲಿರುವ ಸ್ವಿಚ್ಚಿನ ಲಿವರ್ ಒತ್ತಿ. ಅದು ಎಡಕ್ಕೆ ಹೊರಟರೆ ಜಗ್ಗಬೇಡಿ, ಹ್ಯಾಂಡಲ್ ಮೆಲ್ಲ ಎತ್ತಿ. ಬಲಕ್ಕೆ ಹೊರಟರೆ ಮೆಲ್ಲ ಇಳಿಸಿ. ಐದು ನಿಮಿಷ ಒಂದೇ ಜಾಗದಲ್ಲಿ ನಿಲ್ಲಿಸಲು ನೋಡಿ. ಅದು ಬಂದರೆ ಎಲ್ಲ ಬಂತು. ಆಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ತೊಟ್ಟಿಲು ತೂಗಿದ ಹಾಗೆ. ಪ್ರತಿ ಸಲ ಅರ್ಧ ಹೆಜ್ಜೆ ಹಿಂದೆ ಬನ್ನಿ. ನಿಮ್ಮ 58ರ ಹಿರಿಯರಿಗೂ ಬರುತ್ತದೆ. ಇದಕ್ಕೆ ಬಲ ಬೇಡ, ತಾಳ್ಮೆ ಬೇಕು. ನಾನು ಕಲಿಸಿದವರಲ್ಲಿ ಬೇಗ ಕಲಿತವರು ತೆಳ್ಳಗಿನ ಹುಡುಗರೇ.

ಭಯವಾದರೆ ಲಿವರ್ ಬಿಟ್ಟುಬಿಡಿ. ಕೈ ಬಿಟ್ಟ ಕೂಡಲೇ ನಿಲ್ಲಬೇಕು ಅಂತಲೇ ಹಾಗೆ ಮಾಡಿದ್ದಾರೆ. ಬಿಟ್ಟರೂ ನಿಲ್ಲದಿದ್ದರೆ ಆ ಸ್ವಿಚ್ ರಿಪೇರಿಯಾಗದೆ ಓಡಿಸಬೇಡಿ. ಕೆಲವರು ಬೆರಳು ನೋಯುತ್ತದೆ ಅಂತ ಲಿವರಿಗೆ ಹಗ್ಗ ಕಟ್ಟುತ್ತಾರೆ. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಮೆಷಿನ್ ಕೈ ತಪ್ಪಿ ತಾನೇ ಸುತ್ತುತ್ತ ಒಬ್ಬ ಹುಡುಗನ ಕಾಲಿಗೆ ಹ್ಯಾಂಡಲ್ ಬಡಿದು ಮೂಳೆ ಮುರಿಯಿತು. ನಿಮ್ಮ ಮೆಷಿನ್ನಿನ ಲಿವರಿನಲ್ಲಿ ಹಗ್ಗದ ಗುರುತು ಇದೆಯೋ ನೋಡಿ, ಸೆಕೆಂಡ್ ಹ್ಯಾಂಡ್ ಅಲ್ವಾ.

ಮೈ ಅದುರಿದ್ದಕ್ಕೆ ಕಾರಣ ಬೇರೆ ಇರಬಹುದು. ಡಿಸ್ಕಿನ ಅಡಿಗೆ ಹಾಕುವ ದುಂಡಗಿನ ಉಜ್ಜುವ ಪ್ಯಾಡ್ ನಡುವಿಗೆ ಸರಿಯಾಗಿ ಕೂತಿರಲಿಕ್ಕಿಲ್ಲ. ಪ್ಲಗ್ ತೆಗೆದು ಮೆಷಿನ್ ಹಿಂದಕ್ಕೆ ಮಲಗಿಸಿ ನೋಡಿ. ಪ್ಯಾಡ್ ಒಂದು ಕಡೆ ಎರಡು ಬೆರಳು ಜಾಸ್ತಿ ಹೊರಗೆ ಬಂದಿದ್ದರೂ ಅದುರುತ್ತದೆ. ಬ್ರಶ್ ಆದರೆ ಕೂದಲು ಒಂದು ಕಡೆ ಬಾಗಿರುತ್ತದೆ. ಮೆಷಿನ್ ಭಾರವನ್ನು ತಿಂಗಳುಗಟ್ಟಲೆ ಬ್ರಶ್ ಮೇಲೆ ನಿಲ್ಲಿಸಿ ಇಟ್ಟರೆ ಹಾಗಾಗುತ್ತದೆ. ಕೆಲಸ ಮುಗಿದ ಮೇಲೆ ಬ್ರಶ್, ಪ್ಯಾಡ್ ಕಳಚಿ ತೊಳೆದು ನೇತು ಹಾಕಬೇಕು. ಮೆಷಿನ್ ಅದರ ಚಕ್ರದ ಮೇಲೆ ಹಿಂದಕ್ಕೆ ಒರಗಿರಲಿ.

ಪ್ಯಾಡಿನ ಬಣ್ಣ ಸುಮ್ನೆ ಚಂದಕ್ಕೆ ಇರುವುದಲ್ಲ. ಕಪ್ಪು ಅತಿ ಒರಟು, ಹಳೆಯ ಪಾಲಿಶ್ ಕಿತ್ತು ತೆಗೆಯಲು. ಹಸಿರು ಅಂಟಿದ ಕೊಳೆ ಉಜ್ಜಲು. ಕೆಂಪು ದಿನದ ಕೆಲಸಕ್ಕೆ. ಬಿಳಿ ಹೊಳಪು ಕೊಡಲು. ಊಟದ ಹಾಲಿಗೆ ಕೆಂಪು, ಅಡುಗೆ ಕೋಣೆಯ ಜಿಡ್ಡಿಗೆ ಹಸಿರು ಸಾಕು. ಹಳೆಯ ಕಾವಿ ನೆಲ ಇದ್ದರೆ ಅದಕ್ಕೆ ಕಪ್ಪು, ಹಸಿರು ಎರಡೂ ತಾಗಿಸಬೇಡಿ. ಅಂಥ ನೆಲ ಮಾಡುವವರೇ ಈಗ ಸಿಗುವುದಿಲ್ಲ. ಪಾಯಸ, ಬೆಲ್ಲದ ಅಂಟಿಗೆ ಮೊದಲು ನೀರು ಹಾಕಿ ಹತ್ತು ನಿಮಿಷ ಬಿಡಿ. ನೆನೆದ ಬೆಲ್ಲ ಒಂದೇ ಸುತ್ತಿಗೆ ಬರುತ್ತದೆ.

ಇನ್ನು ಕೇಬಲ್. ನನಗೆ ಎಲ್ಲಕ್ಕಿಂತ ಮುಖ್ಯ ಇದು. ತಿರುಗುವ ಡಿಸ್ಕ್ ಕೇಬಲ್ ಮೇಲೆ ಹತ್ತಿದರೆ ಅದನ್ನು ಸುತ್ತಿಕೊಂಡು ತುಂಡು ಮಾಡುತ್ತದೆ, ಅದೂ ನೀರಿನ ನಡುವೆ. ಹಾಗಾಗಿ ಪ್ಲಗ್ ಇರುವ ಗೋಡೆಯ ಹತ್ತಿರ ಶುರು ಮಾಡಿ, ಅಲ್ಲಿಂದ ದೂರ ಹೋಗುತ್ತ ಬನ್ನಿ. ಕೇಬಲ್ ಹೆಗಲ ಮೇಲಿಂದ ಹಿಂದೆ ಬಿದ್ದಿರಬೇಕು, ಮೆಷಿನ್ ಮುಂದೆ ಬರಲೇಬಾರದು. ಎಕ್ಸ್‌ಟೆನ್ಶನ್ ಬೋರ್ಡ್ ನೀರಲ್ಲಿ ಇಡಬಾರದು ಅಂತ ಹೇಳಬೇಕಾಗಿಲ್ಲ. ರೀಲಿನಲ್ಲಿ ಸುತ್ತಿದ ಎಕ್ಸ್‌ಟೆನ್ಶನ್ ಆದರೆ ಪೂರ್ತಿ ಬಿಚ್ಚಿ ಹಾಕಿ, ಸುತ್ತಿದ್ದ ಹಾಗೇ ಓಡಿಸಿದರೆ ಒಳಗೆ ಬಿಸಿಯಾಗಿ ಕರಗುತ್ತದೆ.

ಆ ನೇಪಾಳಿ ಮೇಸ್ತ್ರಿ ದಿನಾ ಸಂಜೆ ಒಂದು ಕೆಲಸ ಮಾಡಿಸುತ್ತಿದ್ದರು. ಪ್ಲಗ್ ತೆಗೆದ ಮೇಲೆ ಒಣ ಬಟ್ಟೆಯ ತುಂಡು ಹಿಡಿದು, ಮೆಷಿನ್ ಬುಡದಿಂದ ಪ್ಲಗ್ ತನಕ ಕೇಬಲ್ ಒರೆಸುವುದು. ಒರೆಸುವಾಗ ಹೆಬ್ಬೆರಳಿನಿಂದ ಒತ್ತುತ್ತ ಬರಬೇಕು. ಎಲ್ಲಿ ಸೀಳಿದೆ, ಎಲ್ಲಿ ಮೆತ್ತಗಾಗಿದೆ, ಎಲ್ಲಿ ಚಪ್ಪಟೆಯಾಗಿದೆ, ಎಲ್ಲ ಬೆರಳಿಗೆ ಗೊತ್ತಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. 15 ಮೀಟರ್ ಕೇಬಲಿಗೆ ಎರಡು ನಿಮಿಷ. ನಾನು 19 ವರ್ಷ ಬಿಡದೆ ಮಾಡಿದ್ದೇನೆ, ನನ್ನ ಕೈಕೆಳಗಿನವರಿಂದಲೂ ಮಾಡಿಸಿದ್ದೇನೆ.

ಸೀರೆ, ನೈಟಿ, ಚೂಡಿದಾರದ ಶಾಲು. ಇದನ್ನು ಗಂಡಸರು ಬರೆದ ಯಾವ ಪುಸ್ತಕದಲ್ಲೂ ನಾನು ನೋಡಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಲೆ ಒಂದು ಕೋಟ್ ಹಾಕಿ. ಶಾಲು ತೆಗೆದಿಡಿ. ನೀರಿನಲ್ಲಿ ಜಾರದ ರಬ್ಬರ್ ಬೂಟು ಹಾಲ್‌ನವರಿಂದ ಕೇಳಿ ತೆಗೆದುಕೊಳ್ಳಿ. ಆರು ಜೊತೆ ಬೂಟಿನ ದುಡ್ಡು ಅವರಿಗೆ ಭಾರವಲ್ಲ.


ಮುಳ್ಳೇರಿಯ ಶಾಲೆ:

ಮೆಷಿನ್ ವಿಷಯ ನನಗೆ ಗೊತ್ತಿಲ್ಲ. ನಾನು ಒಂದು ಕನ್ನಡ ಶಾಲೆಯಲ್ಲಿ ಸ್ವಚ್ಛತೆಯ ಕೆಲಸದವಳು. ಬಕೆಟಿನ ವಿಷಯ ಒಂದು ಹೇಳಬೇಕು, ಯಾಕೆಂದರೆ ನಿಮ್ಮ ಹಾಲಿನಲ್ಲೂ ಶೌಚಾಲಯ ಇರುತ್ತದೆ.

ಜೂನ್ 1ಕ್ಕೆ ಶಾಲೆ ಶುರು ಅಂತ ಮೇ ಕೊನೆಯಲ್ಲಿ ಶೌಚಾಲಯ ತೊಳೆಯುತ್ತಿದ್ದೆ. ಎರಡು ತಿಂಗಳು ಮುಚ್ಚಿದ್ದ ಜಾಗ, ಹಳದಿ ಕಲೆ ಕಟ್ಟಿತ್ತು. ಮೊದಲು ಬ್ಲೀಚಿಂಗ್ ಪೌಡರ್ ಕಲಸಿ ಹಾಕಿದೆ. ಹೋಗಲಿಲ್ಲ. ತೊಳೆಯದೆ ಅದರ ಮೇಲೆಯೇ ಆಸಿಡ್ ಹೊಯ್ದೆ. ಎರಡೂ ಸೇರಿದರೆ ಇನ್ನೂ ಚೆನ್ನಾಗಿ ಬಿಡುತ್ತದೆ ಅಂತ ನನ್ನ ಲೆಕ್ಕ. ಬುಸ್ ಅಂತ ನೊರೆ ಬಂತು, ಕೂಡಲೇ ಗಂಟಲಿಗೆ ಯಾರೋ ಕೈ ಹಾಕಿದ ಹಾಗಾಯಿತು. ಕಣ್ಣು ಬಿಡಲಾಗಲಿಲ್ಲ. ಬಾಗಿಲು ತೆರೆದೇ ಇತ್ತು, ಗೋಡೆ ತಡವಿಕೊಂಡು ಹೊರಗೆ ಬಂದು ಮಾವಿನ ಮರದ ಕೆಳಗೆ ಕೂತೆ. ಮೂರು ದಿನ ಕೆಮ್ಮು ಹೋಗಲಿಲ್ಲ.

ನಮ್ಮ ವಿಜ್ಞಾನ ಟೀಚರ್ ಆಮೇಲೆ ಹೇಳಿದರು. ಬ್ಲೀಚಿಗೆ ಆಸಿಡ್ ಸೇರಿದರೆ ಕ್ಲೋರಿನ್ ಗಾಳಿ ಬರುತ್ತದೆ. 1915ರಲ್ಲಿ ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಕ್ಲೋರಿನ್. ಅದು ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ. ನಾವು ಕೂತು ಉಜ್ಜುವಾಗ ನಮ್ಮ ಮುಖ ಇರುವುದೂ ಅಲ್ಲೇ. ಬಾವಿಗೆ ಹಾಕುವ ಪೌಡರ್ ಅಲ್ವಾ, ಏನು ಆಗುತ್ತದೆ ಅಂತ ನಾನು ಅಂದುಕೊಂಡಿದ್ದೆ.

ಈಗ ನಾನು ಬ್ಲೀಚ್ ಒಂದು ದಿನ, ಆಸಿಡ್ ಬೇರೆ ದಿನ ಹಾಕುತ್ತೇನೆ. ನಡುವೆ ನೀರು ಹೊಯ್ದು ಚೆನ್ನಾಗಿ ತೊಳೆಯುತ್ತೇನೆ. ಎರಡರ ಬಕೆಟೂ ಬೇರೆ, ಬ್ರಶ್ಶೂ ಬೇರೆ. ಅಮೋನಿಯ ಇರುವ ಗಾಜು ಒರೆಸುವ ದ್ರವವೂ ಬ್ಲೀಚಿಗೆ ಸೇರಬಾರದು. ಆಸಿಡ್ ತೆಳು ಮಾಡುವುದಾದರೆ ಮೊದಲು ನೀರು, ಆಮೇಲೆ ಅದಕ್ಕೆ ಆಸಿಡ್, ಯಾವತ್ತೂ ತಿರುಗಿಸಬಾರದು. ಕಣ್ಣಿಗೆ ಹಾರಿದರೆ ಹರಿಯುವ ನೀರಿನಲ್ಲಿ 15 ನಿಮಿಷವಾದರೂ ತೊಳೆಯಬೇಕು, ಆಮೇಲೆ ಆಸ್ಪತ್ರೆ. ಕುಡಿಯುವ ನೀರಿನ ಬಾಟಲಿಯಲ್ಲಿ ಯಾವ ದ್ರವವನ್ನೂ ತುಂಬಿಸಿ ಇಡಬೇಡಿ. ಮದುವೆ ಮನೆಯಲ್ಲಿ ಮಕ್ಕಳು ಯಾವ ಬಾಟಲಿ ಕಂಡರೂ ಎತ್ತಿ ಕುಡಿಯುತ್ತಾರೆ.

ಪಾತ್ರೆ ತೊಳೆಯುವ ಕಡೆ ಕಡಪ ಕಲ್ಲು ಹಾಸಿದ್ದರೆ ಅಲ್ಲಿ ಆಸಿಡ್ ಬೇಡ. ಕಡಪ, ಅಮೃತಶಿಲೆ, ಮೊಸಾಯಿಕ್, ಸಿಮೆಂಟು, ಎಲ್ಲದರಲ್ಲೂ ಸುಣ್ಣದ ಅಂಶ ಇದೆ. ಆಸಿಡ್ ಅದನ್ನು ತಿನ್ನುತ್ತದೆ. ನೊರೆ ಬಂದು ಬೆಳ್ಳಗಾದಾಗ ಕೊಳೆ ಹೋಯಿತು ಅಂತ ಅನಿಸುತ್ತದೆ, ಹೋದದ್ದು ಕಲ್ಲು.


ಶಿರಿಯ ದಡ:

ಮುಳ್ಳೇರಿಯ ಅಕ್ಕ, ನಾವೂ ಹಾಗೆಯೇ ಮಾಡುತ್ತಿದ್ದೆವು. ಎರಡನ್ನೂ ಒಟ್ಟಿಗೆ. ಕೆಮ್ಮು ಬಂದರೆ ಸೆರಗು ಮೂಗಿಗೆ ಹಿಡಿದು ಮುಂದುವರಿಸುತ್ತಿದ್ದೆವು. ಇವತ್ತು ಆಸಿಡ್ ಕ್ಯಾನ್ ಬೇರೆ ಕಪಾಟಿಗೆ ಹಾಕಿ ಬೀಗ ಹಾಕಿದೆ.

ಪೆರ್ಲದ ಅಣ್ಣ, ವ್ಯಾಕ್ಯೂಮ್ ವಿಷಯವೂ ಹೇಳಿ. ನೀರು ಎಳೆಯುವಾಗ ಹಿಂದಿನಿಂದ ನೊರೆ ಉಗುಳುತ್ತದೆ, ಆಮೇಲೆ ಒಂಥರಾ ಸುಟ್ಟ ವಾಸನೆ.


ಪೆರ್ಲದ ಗಲ್ಫ್ ಅಣ್ಣ:

ಅದು ಸಾಬೂನು ಜಾಸ್ತಿಯಾದದ್ದು ಅಕ್ಕ. ನೆಲಕ್ಕೆ ಎಷ್ಟು ಸಾಬೂನು ಹಾಕುತ್ತೀರಿ? ಬಕೆಟಿಗೆ ಒಂದು ಲೋಟ ಹಾಕುವವರನ್ನು ನೋಡಿದ್ದೇನೆ. ಡಬ್ಬದ ಮೇಲೆ ಬರೆದ ಅಳತೆ ಹಾಕಿ, ಮುಚ್ಚಳದಲ್ಲಿ ಅಳೆದು ಹಾಕಿ. ನೊರೆ ಕಂಡರೆ ಕೆಲಸ ಆಗುತ್ತಿದೆ ಅಂತ ನಮಗೆಲ್ಲ ಒಂದು ನಂಬಿಕೆ ಇದೆ. ವ್ಯಾಕ್ಯೂಮಿಗೆ ಅದೇ ವಿಷ.

ಡ್ರಮ್ಮಿನ ಮುಚ್ಚಳ ತೆಗೆದು ಅಡಿಯಿಂದ ನೋಡಿ. ಒಂದು ಬೆಂಡಿನಂಥ ಚೆಂಡು ಅಥವಾ ಬಟ್ಟಲು ಇರುತ್ತದೆ. ನೀರು ತುಂಬಿ ಬಂದಾಗ ಅದು ತೇಲಿ ಮೇಲೆ ಹೋಗಿ ಮೋಟರಿನ ಬಾಯಿ ಮುಚ್ಚುತ್ತದೆ. ಆಗ ಸದ್ದು ಬದಲಾಗಿ ಕೀಚಲಾಗುತ್ತದೆ, ಎಳೆತ ನಿಲ್ಲುತ್ತದೆ. ಆ ಸದ್ದು ಕೇಳಿದ ಕೂಡಲೇ ಆಫ್ ಮಾಡಿ ಡ್ರಮ್ ಖಾಲಿ ಮಾಡಬೇಕು. ಆದರೆ ನೊರೆಗೆ ಆ ಚೆಂಡನ್ನು ಎತ್ತುವ ಶಕ್ತಿ ಇಲ್ಲ. ನೊರೆ ಅದರ ಪಕ್ಕದಲ್ಲೇ ನುಸುಳಿ ಮೋಟರಿಗೆ ಹೋಗುತ್ತದೆ. ಹಿಂದಿನಿಂದ ಬಂದದ್ದು ಅದೇ, ಸುಟ್ಟ ವಾಸನೆಯೂ ಅದರದ್ದೇ. ಹಾಗಾಗಿ ಡ್ರಮ್ ಅರ್ಧ ತುಂಬುವಾಗಲೇ ಚೆಲ್ಲಿ. ಇದನ್ನೂ ವಯರ್‌ಮ್ಯಾನಿಗೆ ತೋರಿಸಿ, ಮೋಟರಿನ ಒಳಗೆ ಕರೆಂಟು ದಾಟಿಸುವ ತುಂಡು, ಕಾರ್ಬನ್ ಬ್ರಶ್ ಅನ್ನುತ್ತಾರೆ, ಅದು ಸವೆದಿರಬಹುದು. ತೋರಿಸದೆ ಓಡಿಸಬೇಡಿ.

ಒಣ ಕಸಕ್ಕೆ ಬಟ್ಟೆಯ ಫಿಲ್ಟರ್ ಬೇಕು, ನೀರು ಎಳೆಯುವಾಗ ಅದನ್ನು ತೆಗೆದಿಡಬೇಕು. ಅಡುಗೆ ಕೋಣೆಯ ಬೂದಿ, ಕೆಂಡ ಇದರಲ್ಲಿ ಎಳೆಯಲೇಬಾರದು. ಮೇಲೆ ತಣ್ಣಗಿದ್ದರೂ ಒಳಗೆ ಕಿಡಿ ಇರುತ್ತದೆ. ಕೆಲಸ ಮುಗಿದ ಮೇಲೆ ಒಂದು ಬಕೆಟ್ ಒಳ್ಳೆಯ ನೀರು ಎಳೆಸಿ ಪೈಪ್ ತೊಳೆಯಿರಿ. ಡ್ರಮ್ ತೊಳೆದು ಕವುಚಿ ಹಾಕಿ, ಪೈಪ್ ಮರದ ಗೂಟಕ್ಕೆ ನೇತು ಹಾಕಿ. ಸಾಂಬಾರಿನ ನೀರು ಒಂದು ರಾತ್ರಿ ಒಳಗೆ ಉಳಿದರೆ ಮರುದಿನ ಹಾಲ್ ತುಂಬಾ ಆ ವಾಸನೆ.

ಮಳೆಗಾಲದ ಮಾತು ಒಂದು ಬಾಕಿ ಇದೆ. ಗಲ್ಫಿನಲ್ಲಿ ಧೂಳು ಮೆಷಿನ್ನನ್ನು ಕೊಲ್ಲುತ್ತದೆ, ನಮ್ಮಲ್ಲಿ ತೇವ. ಕುಂಬಳೆಯಲ್ಲಿ ಸಮುದ್ರದ ಉಪ್ಪು ಗಾಳಿ ಬೇರೆ. ಮಳೆಗಾಲದ ತುಳು ತಿಂಗಳಾದ ಆಟಿಯಲ್ಲಿ ಮದುವೆ ಇರುವುದಿಲ್ಲ, ಮೆಷಿನ್ ಮೂಲೆಯಲ್ಲಿ ಒಂದು ತಿಂಗಳು ಕೂರುತ್ತದೆ. ಆಗಲೇ ಮೋಟರ್ ತೇವ ಕುಡಿಯುವುದು. ನೆಲದ ಮೇಲೆ ಇಡಬೇಡಿ, ಮರದ ಹಲಗೆ ಹಾಕಿ. ಪ್ಲಾಸ್ಟಿಕ್ ಸುತ್ತಬೇಡಿ, ಒಳಗೇ ಬೆವರುತ್ತದೆ. ಹಳೆಯ ಹತ್ತಿ ಸೀರೆ ಹೊದಿಸಿ. ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ, ಆ ಬಿಸಿಗೆ ತೇವ ಬಿಡುತ್ತದೆ. ಚಕ್ರಕ್ಕೆ ಹೊಲಿಗೆ ಮೆಷಿನ್ನಿನ ಎಣ್ಣೆ ಬಿಡಿ. ತೆಂಗಿನ ಎಣ್ಣೆ ಬೇಡ, ಅಂಟಾಗುತ್ತದೆ.


ಬೇಕಲದಿಂದ:

ಅಂಗಳದ ಹಾವಸೆಗೆ ಪ್ರೆಶರ್ ವಾಷರ್ ತರುವ ಯೋಚನೆ ಹಾಲ್‌ನವರಿಗೆ ಬಂದರೆ ಒಂದು ಎಚ್ಚರಿಕೆ. ಅದರ ನೀರು 100 ಬಾರ್‌ಗಿಂತ ಜಾಸ್ತಿ ಒತ್ತಡದಲ್ಲಿ ಬರುತ್ತದೆ. ಕಾಲು ತೊಳೆದುಕೊಳ್ಳಲು ಅದನ್ನು ಹಿಡಿಯಬೇಡಿ. ಚರ್ಮ ತೂರಿ ಒಳಗೆ ಹೋದರೆ ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗಿನ ಹಾನಿ ದೊಡ್ಡದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ನಿಲ್ಲಿಸಿದ ಮೇಲೆ ಗನ್ ಒಮ್ಮೆ ಒತ್ತಿ ಒಳಗಿನ ಒತ್ತಡ ಬಿಡಿ. ಮುರಕಲ್ಲಿನ ಮೆಟ್ಟಿಲಿಗೆ ಹತ್ತಿರದಿಂದ ಹಿಡಿದರೆ ಹಾವಸೆಯ ಜೊತೆ ಕಲ್ಲೂ ಕೆಂಪು ನೀರಾಗಿ ಹರಿದು ಹೋಗುತ್ತದೆ. ನಮ್ಮ ಹೋಮ್‌ಸ್ಟೇಯ ಎರಡು ಮೆಟ್ಟಿಲು ಹಾಗೆ ಹೋಯಿತು.


ಶಿರಿಯ ದಡ:

ಹೇಳಲು ಬಂದೆ. ಶನಿವಾರ ವಯರ್‌ಮ್ಯಾನ್ ಬಂದರು. ಪ್ಲಗ್ ಬಿಚ್ಚಿದರೆ ಹಸಿರು ವಯರ್ ಯಾವುದಕ್ಕೂ ಕಟ್ಟಿರಲಿಲ್ಲ. ತುದಿ ಮಡಚಿ ಒಳಗೆ ತುರುಕಿದ್ದರು, ಅಷ್ಟೇ. ಯಾರು ಯಾವಾಗ ಮಾಡಿದ್ದೋ. ಹೊಸ 16 ಆಂಪಿನ ಪ್ಲಗ್ ಹಾಕಿ ಅರ್ಥ್ ಕಟ್ಟಿದರು. ಮೆಗ್ಗರ್ ಹಾಕಿದಾಗ ಮೋಟರ್ ಪರವಾಗಿಲ್ಲ, ಆದರೆ ತೇವ ಇದೆ ಅಂದರು. ಎರಡು ದಿನ ಬಿಸಿಲಿಗೆ ಇಟ್ಟು ಮತ್ತೆ ನೋಡಿದರು, ಸರಿಯಾಗಿತ್ತು. ಹಾಲಿನ ಬೋರ್ಡಿನಲ್ಲಿ ಆರ್‌ಸಿಸಿಬಿ ಇರಲಿಲ್ಲ. ಹಾಲ್‌ನವರಿಗೆ ಈ ಮಾತುಕತೆಯನ್ನೇ ಓದಿ ಹೇಳಿದೆ. ಹಾಕಿಸಿದರು, ಬೂಟೂ ತಂದರು. ವ್ಯಾಕ್ಯೂಮಿಗೆ ಕಾರ್ಬನ್ ಬ್ರಶ್ ಬದಲಿಸಿ ಆಯಿತು.

ನಿನ್ನೆ ಖಾಲಿ ಹಾಲಿನಲ್ಲಿ ಎಲ್ಲರೂ ಕಲಿತೆವು. ಪ್ಯಾಡ್ ಒಂದು ಕಡೆಗೆ ಜಾರಿತ್ತು, ಸರಿ ಮಾಡಿದ ಮೇಲೆ ಅದುರುವುದು ನಿಂತಿತು. ಬೆರಳಿನ ಲೆಕ್ಕ ನಿಜ ಅಣ್ಣ. ನಾನು ಎತ್ತುವುದು ಇಳಿಸುವುದು ಕಲಿಯಲು ಅರ್ಧ ಗಂಟೆ ಬೇಕಾಯಿತು. ಮೊದಲು ಒಂದೇ ಜಾಗದಲ್ಲಿ ನಿಲ್ಲಿಸಿದವರು ನಮ್ಮ ಹಿರಿಯರೇ. "ಇದು ಮೊಸರು ಕಡೆದ ಹಾಗೆ, ಜೋರು ಮಾಡಿದರೆ ಚೆಲ್ಲುತ್ತದೆ" ಅಂದರು.

ಸಂಜೆ ಕೇಬಲ್ ಒರೆಸುವ ಕೆಲಸ ಅವರೇ ತೆಗೆದುಕೊಂಡಿದ್ದಾರೆ. ಇವತ್ತು ಒರೆಸುವಾಗ ಪ್ಲಗ್‌ನಿಂದ ಒಂದು ಗೇಣು ದೂರದಲ್ಲಿ ನಿಲ್ಲಿಸಿ ನನ್ನನ್ನು ಕರೆದರು. ನನಗೆ ಏನೂ ಕಾಣಲಿಲ್ಲ. ಬಗ್ಗಿಸಿ ನೋಡಿದರೆ ಕೂದಲೆಳೆಯಷ್ಟು ಸೀಳು, ಒಳಗೆ ಬಣ್ಣದ ವಯರ್ ಕಾಣುತ್ತದೆ. ಟೇಪ್ ಸುತ್ತಿದರೆ ಸಾಕಾ? ನಾಡಿದ್ದು ಮದುವೆ ಇದೆ.


ಮಂಜೇಶ್ವರ ವಯರ್‌ಮ್ಯಾನ್:

ಟೇಪ್ ಬೇಡ ಅಕ್ಕ. ನೀರು ಟೇಪಿನ ಅಡಿಗೆ ಹೋಗಿಯೇ ಹೋಗುತ್ತದೆ. ಸೀಳಿದ ಜಾಗದಿಂದ ಸ್ವಲ್ಪ ಒಳಗೆ ಕತ್ತರಿಸಿ ಅಲ್ಲಿಗೇ ಪ್ಲಗ್ ಮತ್ತೆ ಕಟ್ಟಿಸಿ. ಒಂದು ಗೇಣು ಕೇಬಲ್ ಹೋಗುತ್ತದೆ, ಹೋಗಲಿ. ಮೂರು ವಯರ್ ಕಟ್ಟುವಾಗ ಹಸಿರು ವಯರ್ ಉಳಿದ ಎರಡಕ್ಕಿಂತ ಒಂದು ಬೆರಳು ಉದ್ದ ಬಿಡಲು ಹೇಳಿ. ಯಾರಾದರೂ ಎಳೆದರೆ ಅದು ಕೊನೆಗೆ ಕಡಿಯಬೇಕು. ನಾಳೆಯೇ ಕರೆಸಿ, ಆದ ಮೇಲೆ ಮೀಟರ್ ಹಿಡಿದು ಇನ್ನೊಮ್ಮೆ ನೋಡಿಸಿ. ಆ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ.